ಇದಕ್ಕೆ ಭಾಗವತರು ಯಾರು? – ‘ಸಿಐಡಿ’ ಧಾರಾವಾಹಿಯ ಚೌಕಿಯೊಳಗೆ

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ಮಾಧ್ಯಮ ವಿಭಾಗದ ವಿದ್ಯಾರ್ಥಿಗಳೇ,

ಉಡುಪಿಯ ಈ ಸಭೆಯಲ್ಲಿ ಎಸಿಪಿ ಪ್ರದ್ಯುಮ್ನ ಯಾರು, ಡಾಕ್ಟರ್ ಸಾಳುಂಕೆ ಯಾರು ಎಂದು ನಾನು ಪರಿಚಯಿಸಬೇಕಾಗಿಲ್ಲ. 1998ರ ಜನವರಿ 21ರಂದು ಸೋನಿ ವಾಹಿನಿಯಲ್ಲಿ ಆರಂಭವಾಗಿ 2018ರ ಅಕ್ಟೋಬರಿನವರೆಗೆ, ಒಂದೂವರೆ ಸಾವಿರಕ್ಕೂ ಹೆಚ್ಚು ಕಂತುಗಳಲ್ಲಿ ಹರಿದ ‘ಸಿಐಡಿ’ ಎಂಬ ಹಿಂದಿ ಪತ್ತೇದಾರಿ ಧಾರಾವಾಹಿಯನ್ನು ನಿಮ್ಮಲ್ಲಿ ಹಲವರು ಅಜ್ಜಿಯ ಮಗ್ಗುಲಲ್ಲಿ ಕುಳಿತು ನೋಡಿದ್ದೀರಿ. ಆದರೆ ಸಭೆಗೆ ಮೊದಲು ಹೊರಗಿನ ಜಗಲಿಯಲ್ಲಿ ಕೆಲವು ವಿದ್ಯಾರ್ಥಿಗಳನ್ನು ಮಾತನಾಡಿಸಿದಾಗ ‘ದಯಾ, ದರ್ವಾಜಾ ತೋಡ್ ದೋ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಧಾರಾವಾಹಿಯ ನಿರ್ದೇಶಕರ ಹೆಸರು ಒಬ್ಬರ ನಾಲಗೆಗೂ ಬರಲಿಲ್ಲ. ಯಕ್ಷಗಾನದ ರಂಗಸ್ಥಳವನ್ನು ಕಂಡು, ಅದರ ಹಿಂದೆ ವೇಷ ಕಟ್ಟುವ ಚೌಕಿಯನ್ನು ಕಾಣದೆ ಮನೆಗೆ ಹೋಗುವ ಈ ಅಭ್ಯಾಸ ನನ್ನನ್ನು ಬಹುಕಾಲದಿಂದ ಕಾಡಿದೆ. ಆದ್ದರಿಂದ ಇಂದು ಚೌಕಿಯ ಸುದ್ದಿ.

ಮೊದಲು ಒಂದು ರಾತ್ರಿಯ ವಿಷಯ ಹೇಳುತ್ತೇನೆ. 2004ರ ನವೆಂಬರ್ 7, ಭಾನುವಾರ. ನಮ್ಮ ಅಪ್ಪಯ್ಯ ಬಡಗುತಿಟ್ಟಿನ ಯಕ್ಷಗಾನ ಮೇಳವೊಂದರಲ್ಲಿ ಮದ್ದಲೆಗಾರರಾಗಿದ್ದವರು. ಮೇಳ ಆ ವರ್ಷದ ತಿರುಗಾಟಕ್ಕೆ ಹೊರಡಲು ಇನ್ನೂ ದಿನಗಳಿದ್ದುದರಿಂದ ಬ್ರಹ್ಮಾವರದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಮದ್ದಲೆಯ ಬಾರು ಬಿಗಿಯುತ್ತಿದ್ದರು. ಟಿವಿಯಲ್ಲಿ ‘ಸಿಐಡಿ’ಯ ವಿಶೇಷ ಕಂತು ಬರುತ್ತಿತ್ತು. ಅವರಿಗೆ ಹಿಂದಿ ಬಾರದು. ತಲೆ ತಗ್ಗಿಸಿಕೊಂಡು ತಮ್ಮ ಕೆಲಸದಲ್ಲಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬಾರು ಎಳೆಯುವ ಕೈ ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ಮದ್ದಲೆಯನ್ನು ಮಡಿಲಿನಿಂದ ಕೆಳಗಿಟ್ಟು ಟಿವಿಯ ಹತ್ತಿರ ಸರಿದು ಕುಳಿತರು. ‘ಇವ್ರ್ ಒಂದ್ ಸಲವೂ ನಿಲ್ಸಲೇ ಇಲ್ಲ ಅಲ್ದಾ’ ಎಂದರು. ಕಂತಿನ ಮೇಲೆ ಕಂತು ನೋಡಿಕೊಂಡು ಬೆಳೆದ ನಾವು ಕೊಲೆಗಾರನನ್ನು ಹುಡುಕುತ್ತಿದ್ದೆವು. ಅಪ್ಪಯ್ಯ ಮಾತ್ರ ದೃಶ್ಯಕ್ಕೆ ಎಲ್ಲಿಯೂ ಕತ್ತರಿ ಬಿದ್ದಿಲ್ಲ ಎಂಬುದನ್ನು ಲಯದ ಅಂದಾಜಿನಿಂದಲೇ ಹಿಡಿದಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ಇದಕ್ಕೆ ಭಾಗವತ್ರ್ ಯಾರಾ?’

ಯಕ್ಷಗಾನದಲ್ಲಿ ಹಾಡುತ್ತಾ, ತಾಳ ಹಿಡಿದು ಇಡೀ ಆಟವನ್ನು ನಡೆಸುವವರು ಭಾಗವತರು. ಈ ಪ್ರಶ್ನೆಗಿಂತ ಒಳ್ಳೆಯ ವಿಮರ್ಶೆಯ ಪ್ರಶ್ನೆಯನ್ನು ನಾನು ಇದುವರೆಗೆ ಕೇಳಿಲ್ಲ.

ಉತ್ತರ ಬಿ.ಪಿ. ಸಿಂಗ್. ನಿರ್ದೇಶಕರಾಗುವ ಮೊದಲು ದೂರದರ್ಶನದಲ್ಲಿ ಕ್ಯಾಮೆರಾಮನ್ ಆಗಿ ದುಡಿದವರು. ಆ ರಾತ್ರಿಯ ಕಂತು 111 ನಿಮಿಷಗಳದ್ದು, ಆರಂಭದಿಂದ ಕೊನೆಯವರೆಗೆ ಒಂದೇ ಶಾಟ್. ಗಿನ್ನೆಸ್ ಮತ್ತು ಲಿಮ್ಕಾ ದಾಖಲೆ ಪುಸ್ತಕಗಳೆರಡೂ ಅದನ್ನು ಗುರುತಿಸಿದವು. ಈ ಸಂಖ್ಯೆಯ ತೂಕ ತಿಳಿಯಲು ಒಂದು ಲೆಕ್ಕ ಹಾಕೋಣ. 35 ಮಿಲಿಮೀಟರಿನ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡುವಾಗ ನಿಮಿಷಕ್ಕೆ 90 ಅಡಿ ಬೇಕು. ಹಾಗಾಗಿ ಕ್ಯಾಮೆರಾಕ್ಕೆ ಹಾಕುವ ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. 111 ನಿಮಿಷಕ್ಕೆ ಇಂತಹ ಹತ್ತು ರೀಲು ಬೇಕಾಗುತ್ತಿತ್ತು, ಪ್ರತಿ ರೀಲು ಬದಲಾಯಿಸುವಾಗಲೂ ನಿಲ್ಲಬೇಕಾಗುತ್ತಿತ್ತು. ವಿಡಿಯೊ ಬಂದ ಮೇಲಷ್ಟೇ ಇಂತಹ ಆಸೆಗೆ ದಾರಿಯಾಯಿತು.

ಯಂತ್ರ ಒದಗಿದರೂ ಮನುಷ್ಯರ ಪಾಡು ಉಳಿದೇ ಇರುತ್ತದೆ. ಮಾಮೂಲಿ ಚಿತ್ರೀಕರಣದಲ್ಲಿ ದೀಪಗಳು ಕ್ಯಾಮೆರಾದ ಬೆನ್ನ ಹಿಂದೆ ನಿಂತಿರುತ್ತವೆ. ಕ್ಯಾಮೆರಾ ನಾಲ್ಕು ದಿಕ್ಕಿಗೂ ತಿರುಗುತ್ತಾ ಕೋಣೆಯಿಂದ ಕೋಣೆಗೆ ನಡೆಯುವಾಗ ಬೆನ್ನ ಹಿಂದೆ ಎಂಬ ಜಾಗವೇ ಇರುವುದಿಲ್ಲ. ದೀಪವನ್ನು ಮಾಡಿನಲ್ಲೋ ಕಂಬದ ಮರೆಯಲ್ಲೋ ಅಡಗಿಸಬೇಕು. ಮೈಕು ಹಿಡಿದವನ ನೆರಳು ಗೋಡೆಗೆ ಬೀಳಬಾರದು. ಕ್ಯಾಮೆರಾ ಜಗಲಿಯಲ್ಲಿರುವಾಗ ಒಳಕೋಣೆಯಲ್ಲಿ ಗಾಯದ ಬಣ್ಣ ಮೆತ್ತಿ ಮುಗಿದಿರಬೇಕು. ನೂರನೆಯ ನಿಮಿಷದಲ್ಲಿ ಒಬ್ಬ ನಟ ಮಾತು ಮರೆತರೆ ಹಿಂದಿನ ನೂರು ನಿಮಿಷಗಳೂ ನೀರುಪಾಲು. ಇಡೀ ರಾತ್ರಿ ಮರುಟೇಕಿಲ್ಲದೆ ಆಡುವ ನಮ್ಮ ಮೇಳದ ಕಲಾವಿದರಿಗೆ ಈ ಭಯ ಗೊತ್ತು. ವೇಷಧಾರಿ ಅರ್ಥವನ್ನು, ಅಂದರೆ ತನ್ನ ಮಾತನ್ನು, ಎಳೆದಾಗ ತಾಳ ತಟ್ಟಿ ಎಚ್ಚರಿಸುವ, ಪೂರ್ವದಿಕ್ಕು ಕೆಂಪಾಗುವುದನ್ನು ಕಂಡು ಪದ್ಯಗಳನ್ನು ಬಿಟ್ಟು ಪ್ರಸಂಗವನ್ನು ಮಂಗಳಕ್ಕೆ ಮುಟ್ಟಿಸುವ ಜವಾಬ್ದಾರಿ ಭಾಗವತರದ್ದು. ಕತ್ತರಿಯಿಲ್ಲದ ಶಾಟಿನಲ್ಲಿ ನಿರ್ದೇಶಕನೂ ಹಾಗೆಯೇ ಕಾಲವನ್ನು ಕೈಯಲ್ಲಿ ಹಿಡಿದು ಕೂರಬೇಕು. ಸಂಕಲನಕಾರ ಬಂದು ತಪ್ಪು ತಿದ್ದುವ ಸೌಕರ್ಯ ಅವನಿಗಿಲ್ಲ. ಅಪ್ಪಯ್ಯ ಕೇಳಿದ್ದು ಇದನ್ನೇ.

ಆ ರಾತ್ರಿ ಅವರು ಹೆಸರುಗಳ ಪಟ್ಟಿ ಬರುವವರೆಗೂ ಏಳಲಿಲ್ಲ. ಸಿಂಗ್ ಅವರ ಜೊತೆಗೆ ನಿರ್ಮಾಪಕರಾಗಿದ್ದವರು ಪ್ರದೀಪ್ ಉಪ್ಪೂರ್. ಮನಮೋಹನ ಶೆಟ್ಟಿಯವರೊಂದಿಗೆ 1983ರ ‘ಅರ್ಧಸತ್ಯ’ ಎಂಬ ಪೊಲೀಸ್ ಚಿತ್ರವನ್ನು ನಿರ್ಮಿಸಿದವರೂ ಇವರೇ. ಸಂತೆಕಟ್ಟೆ ಕಳೆದು ಬ್ರಹ್ಮಾವರಕ್ಕೆ ಹೋಗುವಾಗ ಸಿಗುವ ಉಪ್ಪೂರಿನ ಹೆಸರು ಮುಂಬೈಯ ಪರದೆಯ ಮೇಲೆ! ನಾನು ಓದಿ ಹೇಳಿದೊಡನೆ ನಾರಣಪ್ಪ ಉಪ್ಪೂರರ ಭಾಗವತಿಕೆ ಕೇಳಿ ಬೆಳೆದ ಅಪ್ಪಯ್ಯನ ಮುಖ ಅರಳಿತು. ‘ಉಪ್ಪೂರ್ರಾ? ಹಾಂಗಾರೆ ತಾಳ ತಪ್ಪುದಿಲ್ಲ’ ಎಂದರು. ಪ್ರದೀಪ್ ಉಪ್ಪೂರರು 2023ರಲ್ಲಿ ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಈ ಮಾತು.

ಇನ್ನು ಬಾಗಿಲು ಒಡೆಯುವ ದಯಾ. ದಯಾನಂದ ಶೆಟ್ಟಿಯವರು ನಮ್ಮ ಕಟಪಾಡಿ ಸೀಮೆಯ ತುಳು ಕುಟುಂಬದವರು ಎಂಬುದು ಈ ಸಭೆಗೆ ಗೊತ್ತಿರುವುದರಿಂದಲೇ ಅಲ್ಲಿ ಹಿಂದಿನ ಸಾಲಿನಲ್ಲಿ ನಗು ಎದ್ದಿದೆ, ಸಂತೋಷ. ಅವರು ನಟನೆಗೆ ಬರುವ ಮೊದಲು ಚಕ್ರ ಎಸೆತದಲ್ಲಿ, 1994ರಲ್ಲಿ, ಮಹಾರಾಷ್ಟ್ರದ ಚಾಂಪಿಯನ್ ಆಗಿದ್ದರು. ಕಾಲಿಗೆ ಪೆಟ್ಟಾಗಿ ಕ್ರೀಡೆ ಬಿಟ್ಟವರು ರಂಗಭೂಮಿಗೆ ಬಂದರು, ತುಳು ನಾಟಕಗಳಲ್ಲಿಯೂ ಅಭಿನಯಿಸಿದರು. ಆ ಒದೆತದಲ್ಲಿ ನಮಗೆ ಕಾಣುವ ಮೈಕಟ್ಟು ಕ್ರೀಡಾಂಗಣದಲ್ಲಿ ಬೆವರು ಸುರಿಸಿ ಕಟ್ಟಿದ್ದು. ಆದರೂ ಬಾಗಿಲಿನ ಪಾಲನ್ನು ಮರೆಯಬೇಡಿ. ಸೆಟ್ಟುಗಳಲ್ಲಿ ಒಡೆಯಬೇಕಾದ ಬಾಗಿಲನ್ನು ಹಗುರ ಪ್ಲೈವುಡ್ಡಿನಿಂದ ಮಾಡಿ, ಚಿಲಕವನ್ನು ಮೊದಲೇ ಸಡಿಲಿಸಿ, ಮುರಿಯುವ ಸದ್ದನ್ನು ಆಮೇಲೆ ಕೂಡಿಸುವ ಬಡಗಿಗಳೂ ಧ್ವನಿ ತಂತ್ರಜ್ಞರೂ ಇರುತ್ತಾರೆ. ಅವರಿಗೆ ಇದುವರೆಗೆ ಯಾರಾದರೂ ಚಪ್ಪಾಳೆ ತಟ್ಟಿದ್ದಾರೆಯೇ?

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅವರ ತಾಳಕ್ಕೆ ನಾನೂ ತಲೆಬಾಗಬೇಕು. ಅಭಿಜಿತ್ ಆಗುವ ಮೊದಲು ಆದಿತ್ಯ ಶ್ರೀವಾಸ್ತವ ಇದೇ ಧಾರಾವಾಹಿಯ ಒಂದು ಕಂತಿನಲ್ಲಿ ಅಪರಾಧಿಯಾಗಿ ಬಂದಿದ್ದರು. ಒಂದೇ ಮೇಳದಲ್ಲಿ ವೇಷ ಬದಲಾಯಿಸಿದ ಹಾಗೆ. ಫ್ರೆಡ್ರಿಕ್ಸ್ ಆಗಿ ನಗಿಸಿದ ದಿನೇಶ್ ಫಡ್ನಿಸ್ ಕೆಲವು ಕಂತುಗಳನ್ನು ಸ್ವತಃ ಬರೆದಿದ್ದರು. 2023ರ ಡಿಸೆಂಬರಿನಲ್ಲಿ ಅವರೂ ಹೋದರು. 2024ರ ಡಿಸೆಂಬರಿನಲ್ಲಿ ಧಾರಾವಾಹಿ ಮತ್ತೆ ಶುರುವಾದ ಕಥೆಯನ್ನು ಹೇಳಲು ಸಮಯವಿಲ್ಲ.

ಈಗ ಸಭಾಂಗಣದ ದೀಪ ಆರಿಸಲು ಹೇಳಿದ್ದೇನೆ. ಆ 111 ನಿಮಿಷಗಳ ಮೊದಲ ಹನ್ನೊಂದನ್ನು, ಅಂದರೆ ಒಂದು ರೀಲಿನಷ್ಟನ್ನು, ಒಟ್ಟಿಗೆ ನೋಡೋಣ. ಕೊಲೆಗಾರನನ್ನು ಹುಡುಕಬೇಡಿ. ಗೋಡೆಯ ಮೇಲಿನ ನೆರಳುಗಳನ್ನು ನೋಡಿ, ಯಾರು ಯಾವ ಬಾಗಿಲಿನಿಂದ ಹೋಗಿ ಯಾವ ಬಾಗಿಲಿನಿಂದ ಬರುತ್ತಾರೆ ಎಂದು ಎಣಿಸಿ, ಕ್ಯಾಮೆರಾ ಹಿಡಿದವರ ಹೆಜ್ಜೆ ಎಲ್ಲಿ ನಿಧಾನವಾಯಿತು ಎಂದು ಗಮನಿಸಿ. ಅದಾದ ಮೇಲೆ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.