ಸೋಲ್‌ನಲ್ಲಿ ಒಳ್ಳೆ ಕಿಮ್ಚಿ ಹುಡುಕುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ನಮ್ಮ ಕಡೆಯಿಂದ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಓದಲು ಹೋಗುತ್ತಾರೆ, ಕಂಪನಿ ಕೆಲಸಕ್ಕೆ ಹೋಗುತ್ತಾರೆ, ಕೊರಿಯನ್ ಧಾರಾವಾಹಿ ನೋಡಿ ನೋಡಿ ಆಸೆಯಾಗಿ ಹೋಗುವವರೂ ಇದ್ದಾರೆ. ಹೊರಡುವ ಮುಂಚೆ ಅವರು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ಅಲ್ಲಿ ಒಳ್ಳೆ ಕಿಮ್ಚಿ ಎಲ್ಲಿ ಸಿಗುತ್ತೆ? ಕಿಮ್ಚಿ ಅಂದರೆ ಕೋಸು, ಮೂಲಂಗಿಯಂಥ ತರಕಾರಿಗೆ ಉಪ್ಪು, ಮಸಾಲೆ ಹಾಕಿ ಹುಳಿ ಬರಲು ಬಿಡುವ ಕೊರಿಯಾದ ಉಪ್ಪಿನಕಾಯಿ. ನಾನು ಆ ಊರಿನಲ್ಲಿ ಕೆಲಸಕ್ಕಿದ್ದವಳು. ಮಧ್ಯಾಹ್ನದ ಊಟ ದಿನವೂ ಹೊರಗೇ ಆಗುತ್ತಿತ್ತು. ಹಾಗಾಗಿ ನನ್ನ ಹತ್ತಿರ ಇದಕ್ಕೊಂದು ಉತ್ತರವಿದೆ.

ಕಿಮ್ಚಿಯನ್ನೇ ಹುಡುಕಿಕೊಂಡು ಹೋಗಬೇಡಿ. ಅದು ಅಲ್ಲಿ ಹೆಚ್ಚು ಕಡಿಮೆ ಎಲ್ಲ ಊಟದ ಜೊತೆಗೂ ಬರುತ್ತದೆ. ಕಾಸಿಲ್ಲದೆ ಬರುತ್ತದೆ, ಖಾಲಿಯಾದರೆ ಇನ್ನೊಂದು ಬಟ್ಟಲು ಬರುತ್ತದೆ. ನೀವು ಹುಡುಕಬೇಕಾದದ್ದು ಒಂದೇ ಅಡುಗೆಯನ್ನು ಹತ್ತಾರು ವರ್ಷಗಳಿಂದ ಮಾಡಿಕೊಂಡು ಬಂದ ಅಂಗಡಿಯನ್ನು. ಅಂಥ ಕಡೆ ಆ ಅಡುಗೆಗೆ ಹೊಂದುವ ಕಿಮ್ಚಿಯನ್ನು ಅವರೇ ಹಾಕಿಕೊಳ್ಳುತ್ತಾರೆ. ಗಿರಾಕಿ ಮರಳಿ ಬರುವುದು ಅರ್ಧ ಆ ಕಿಮ್ಚಿಗಾಗಿಯೇ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಗೋಡೆ ತುಂಬ ಹತ್ತಾರು ತಿಂಡಿಗಳ ಫೋಟೊ ಅಂಟಿಸಿದ ಅಂಗಡಿಯಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಒಳಗೆ ಕೂತ ಮೇಲೆ ಗೋಡೆ ನೋಡಿ. ಅಲ್ಲಿ ಒಂದು ಸಣ್ಣ ಫಲಕ ಇರಲೇಬೇಕು, ಅದು ಆ ದೇಶದ ಕಾನೂನು. ಅಕ್ಕಿ ಎಲ್ಲಿಯದು, ಮಾಂಸ ಎಲ್ಲಿಯದು, ಕಿಮ್ಚಿಯ ಕೋಸು ಎಲ್ಲಿಯದು, ಮೆಣಸಿನಪುಡಿ ಎಲ್ಲಿಯದು ಅಂತ ಬರೆದಿರಬೇಕು. 'ಗುಕ್‌ನೇಸಾನ್' ಅಂದರೆ ಕೊರಿಯಾದಲ್ಲೇ ಬೆಳೆದದ್ದು. 'ಜುಂಗ್ಗುಕ್‌ಸಾನ್' ಅಂದರೆ ಚೀನಾದಿಂದ ಬಂದದ್ದು. ಹೋಟೆಲುಗಳಲ್ಲಿ ಬಡಿಸುವ ಅಗ್ಗದ ಕಿಮ್ಚಿ ಬಹಳಷ್ಟು ಚೀನಾದ ಕಾರ್ಖಾನೆಗಳಿಂದ ಬರುತ್ತದೆ. ಅದನ್ನು ತಿಂದರೆ ಏನೂ ಆಗುವುದಿಲ್ಲ, ಆದರೆ ನೀವು ಅಷ್ಟು ದೂರ ಹೋಗಿದ್ದು ಅದಕ್ಕಲ್ಲ, ಅಲ್ವಾ? ಕೋಸು, ಮೆಣಸಿನಪುಡಿ ಎರಡರ ಮುಂದೆಯೂ ಗುಕ್‌ನೇಸಾನ್ ಅಂತ ಇದ್ದರೆ ಅವರು ಕಿಮ್ಚಿಗೆ ಖರ್ಚು ಮಾಡುತ್ತಿದ್ದಾರೆ ಅಂತ ತಿಳಿಯಬಹುದು. ಓದಲು ಬಾರದಿದ್ದರೆ ಫೋನಿನ ಕ್ಯಾಮೆರಾ ಓದಿ ಹೇಳುತ್ತದೆ.

ಇನ್ನು ಜಾಗಗಳ ಮಾತು. ಸೋಲ್‌ನ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಹಾದು ಹೋಗುವ ಹಳೆಯ ರಸ್ತೆಯೊಂದಿದೆ, ಹೆಸರು ಜೊಂಗ್ನೊ. ಅದರ ಕೆಳಗೇ ಒಂದನೇ ನಂಬರಿನ ಮೆಟ್ರೊ ಓಡುತ್ತದೆ. ಎರಡು ಮೂರು ದಿನ ಮಾತ್ರ ಇರುವವರು ಈ ಒಂದು ರಸ್ತೆ ಹಿಡಿದರೂ ಸಾಕು.

ಜೊಂಗ್ಗಾಕ್ ನಿಲ್ದಾಣದಲ್ಲಿ ಇಳಿದರೆ ಹತ್ತಿರದಲ್ಲೇ ಇಮುನ್ ಸೊಲ್ಲೊಂಗ್‌ತಾಂಗ್ ಇದೆ. 1904ರಲ್ಲಿ ಶುರುವಾದ ಅಂಗಡಿ, ಸೋಲ್‌ನ ಅತ್ಯಂತ ಹಳೆಯ ಹೋಟೆಲು ಅಂತ ಹೆಸರು. ಅಲ್ಲಿ ಮಾಡುವುದು ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಬೆಳ್ಳಗಿನ ಸಾರು. ತಿನ್ನದವರು ಇದನ್ನು ಬಿಟ್ಟು ಮುಂದೆ ಹೋಗಬಹುದು, ಮುಂದೆ ಅವರಿಗೂ ಊಟವಿದೆ. ಆದರೆ ಕಿಮ್ಚಿಯ ಕೆಲಸವೇನು ಅನ್ನುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸಾರು ಮೇಜಿಗೆ ಬರುವಾಗ ಅದರಲ್ಲಿ ಉಪ್ಪೇ ಇರುವುದಿಲ್ಲ. ಉಪ್ಪು, ಮೆಣಸು, ಹೆಚ್ಚಿದ ಈರುಳ್ಳಿ ಸೊಪ್ಪು ಮೇಜಿನ ಮೇಲೇ ಇರುತ್ತವೆ, ನಮಗೆ ಬೇಕಾದಷ್ಟು ಹಾಕಿಕೊಳ್ಳಬೇಕು. ಪಕ್ಕದಲ್ಲಿ ಕಿಮ್ಚಿ, ಜೊತೆಗೆ ಇಕ್ಕಳ, ಕತ್ತರಿ. ಎಲೆ ಉದ್ದವಿದ್ದರೆ ನಾವೇ ಎತ್ತಿ ತಟ್ಟೆಯ ಮೇಲೆ ಕತ್ತರಿಸಿಕೊಳ್ಳಬೇಕು. ಈ ಸಾರಿನ ಜೋಡಿ ಅಂದರೆ ಕಾಕ್ದುಗಿ, ಅಂದರೆ ಚೌಕ ಚೌಕವಾಗಿ ಕತ್ತರಿಸಿದ ಮೂಲಂಗಿಯ ಕಿಮ್ಚಿ. ಸಪ್ಪೆ ಸಾರು ಒಂದು ಚಮಚ, ಹುಳಿಯಾದ ಗರಿಗರಿ ಮೂಲಂಗಿ ಒಂದು ತುಂಡು. ಕೆಲವರು ಕಾಕ್ದುಗಿಯ ಕೆಂಪು ನೀರನ್ನೇ ಸಾರಿಗೆ ಸುರಿದುಕೊಳ್ಳುತ್ತಾರೆ. ಈ ಸಾರು ಮಾಡುವ ಯಾವ ಅಂಗಡಿಯನ್ನೇ ಆಗಲಿ ಊರಿನವರು ಅಳೆಯುವುದು ಮೂಲಂಗಿಯಿಂದ. ಮೂಲಂಗಿ ಮೆತ್ತಗಾಗಿದ್ದರೆ ಸಾರು ಎಷ್ಟು ಚೆನ್ನಾಗಿದ್ದರೂ ಅವರು ಆ ಕಡೆ ತಲೆ ಹಾಕುವುದಿಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಜೋಗ್ಯೇಸಾ ಅನ್ನುವ ದೊಡ್ಡ ಬೌದ್ಧ ದೇವಾಲಯವಿದೆ. ಸಸ್ಯಾಹಾರಿಗಳು ಈಗ ಸ್ವಲ್ಪ ಗಮನ ಕೊಟ್ಟು ಕೇಳಿ. ಕಿಮ್ಚಿ ಅಂದರೆ ಬರೀ ಸೊಪ್ಪು ತರಕಾರಿ ಅಂತ ನಂಬಿ ತಿನ್ನುವವರು ನಮ್ಮಲ್ಲಿ ಬಹಳ ಜನ. ಮಾಮೂಲಿ ಕಿಮ್ಚಿಯಲ್ಲಿ ಉಪ್ಪು ಹಾಕಿ ಹುದುಗಿಸಿದ ಸಣ್ಣ ಸಿಗಡಿ ಇರುತ್ತದೆ, ಇಲ್ಲವೇ ಸಣ್ಣ ಮೀನಿನ ರಸ ಇರುತ್ತದೆ, ಎಷ್ಟೋ ಸಲ ಎರಡೂ ಇರುತ್ತವೆ. ಮೆಣಸಿನಪುಡಿ ಹಾಕದ ಬಿಳಿ ಕಿಮ್ಚಿ ನೋಡಲು ಸಾಧುವಾಗಿ ಕಂಡರೂ ಅದರಲ್ಲೂ ಇವು ಇರಬಹುದು. ನೀರು ನೀರಾದ ಮೂಲಂಗಿ ಕಿಮ್ಚಿ, ದೊಂಗ್‌ಚಿಮಿ ಅನ್ನುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಉಪ್ಪುನೀರು, ಬೆಳ್ಳುಳ್ಳಿ, ಶುಂಠಿ ಇಷ್ಟೇ. ಆದರೂ ಕೇಳಿಯೇ ತಿನ್ನಬೇಕು.

ಕೇಳದೆ ನೆಮ್ಮದಿಯಾಗಿ ತಿನ್ನಬಹುದಾದ ಜಾಗ ಬೌದ್ಧ ಮಠದ ಅಡುಗೆಯ ಊಟದ ಮನೆ. ಜೋಗ್ಯೇಸಾದ ಎದುರಿಗೇ ಬಾಲು ಗೊಂಗ್ಯಾಂಗ್ ಅಂತ ಇದೆ, ಅಲ್ಲಿನ ಬೌದ್ಧ ಪಂಥದವರೇ ನಡೆಸುವುದು. ಒಳ್ಳೆ ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್‌ನ 2017ರ ಸೋಲ್ ಆವೃತ್ತಿಯಲ್ಲಿ ಅದಕ್ಕೆ ಒಂದು ಸ್ಟಾರ್ ಸಿಕ್ಕಿತ್ತು. ಊಟ ದುಬಾರಿ, ಮೊದಲೇ ಜಾಗ ಕಾದಿರಿಸಿಕೊಂಡು ಹೋಗಬೇಕು. ಅಲ್ಲಿನ ಕಿಮ್ಚಿಯಲ್ಲಿ ಮೀನಿಲ್ಲ, ಸಿಗಡಿಯಿಲ್ಲ. ಬೆಳ್ಳುಳ್ಳಿ, ಈರುಳ್ಳಿ ಜಾತಿಯದ್ದು ಕೂಡ ಇಲ್ಲ. ಬೌದ್ಧ ಭಿಕ್ಷುಗಳು ಬಿಡಬೇಕಾದ ಘಾಟು ಪದಾರ್ಥಗಳು ಐದು ಅಂತ ಹಳೆಯ ನಿಯಮವಿದೆ. ಆ ಪಟ್ಟಿಯಲ್ಲಿ ನಮ್ಮ ಇಂಗೂ ಇದೆ! ನಮ್ಮ ಮಠಗಳ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಈರುಳ್ಳಿ ಬಿಟ್ಟು ಇಂಗು ಹಾಕುತ್ತಾರೆ, ಅವರು ಇಂಗನ್ನೂ ಬಿಟ್ಟರು. ಹಾಗಿದ್ದೂ ಆ ಕಿಮ್ಚಿಗೆ ಶುಂಠಿಯದು, ಮೂಲಂಗಿಯದು, ಕೋಸಿನದೇ ಆದ ಒಂದು ತಿಳಿಯಾದ ರುಚಿ ಇರುತ್ತದೆ. ಬೆಳ್ಳುಳ್ಳಿಯ ಜೋರಿನಲ್ಲಿ ಅಡಗಿ ಹೋಗುವ ಹುಳಿ ಇಲ್ಲಿ ನಾಲಿಗೆಗೆ ನೇರವಾಗಿ ತಾಗುತ್ತದೆ. ನನಗಂತೂ ಇಡೀ ಸೋಲ್‌ನಲ್ಲಿ ಇದಕ್ಕಿಂತ ಹಿಡಿಸಿದ ಕಿಮ್ಚಿ ಇಲ್ಲ.

ಪಕ್ಕದ ಇನ್ಸಾದೊಂಗ್‌ನಲ್ಲಿ ಕಿಮ್ಚಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ, ಹೆಸರು ಮ್ಯೂಸಿಯಂ ಕಿಮ್ಚಿಕಾನ್. 1986ರಲ್ಲಿ ಶುರುವಾಗಿ 2015ರಲ್ಲಿ ಇಲ್ಲಿಗೆ ಬಂತು. ಮಳೆ ಬಂದರೆ ಹೋಗಿ, ಮಕ್ಕಳಿಗೆ ಇಷ್ಟವಾಗುತ್ತದೆ.

ಗಾ ಅಂದರೆ ರಸ್ತೆಯ ಒಂದು ಭಾಗ. ಜೊಂಗ್ನೊ ಮೂರನೇ ಗಾ ನಿಲ್ದಾಣದ ಹತ್ತಿರ ಗಲ್ಲಿಯೊಂದರಲ್ಲಿ ಬೇಯಿಸಿದ ಹಂದಿಮಾಂಸ, ಹಸಿ ಸಿಂಪಿ ಬಡಿಸುವ ಅಂಗಡಿಗಳು ಸಾಲಾಗಿವೆ. ಅವರು ಕೊಡುವುದು ಆಗ ತಾನೇ ಕಲಸಿದ, ಇನ್ನೂ ಹುಳಿ ಬರದ ಕಿಮ್ಚಿ. ಮಾಂಸ ತಿನ್ನುವವರು ಚಳಿಗಾಲದ ಸಂಜೆ ಹೋಗಬೇಕು.

ಇನ್ನೂ ಪೂರ್ವಕ್ಕೆ ಬಂದು ಜೊಂಗ್ನೊ ಐದನೇ ಗಾದಲ್ಲಿ ಇಳಿದರೆ ಗ್ವಾಂಗ್‌ಜಾಂಗ್ ಮಾರ್ಕೆಟ್. 1905ರಿಂದ ಇರುವ ಬಟ್ಟೆ ಮಾರ್ಕೆಟ್ಟು, ಈಗ ಜನ ಮುಗಿಬೀಳುವುದು ಅದರೊಳಗಿನ ತಿಂಡಿ ಸಾಲಿಗೆ. ನೀವು ಹುಡುಕಬೇಕಾದದ್ದು ಬಿಂದೆತ್ತೊಕ್. ಅಂಗಡಿಯ ಮುಂದೆಯೇ ಮೋಟಾರಿನಿಂದ ತಿರುಗುವ ಬೀಸುವ ಕಲ್ಲು ಇರುತ್ತದೆ. ನೆನೆಸಿದ ಹೆಸರುಬೇಳೆಯನ್ನು ಅದರ ಬಾಯಿಗೆ ಹಾಕುತ್ತಿದ್ದರೆ ಅಂಚಿನಿಂದ ಹಳದಿ ಹಿಟ್ಟು ಇಳಿಯುತ್ತಾ ಇರುತ್ತದೆ. ಅದಕ್ಕೆ ಮೊಳಕೆಕಾಳು, ಈರುಳ್ಳಿ ಸೊಪ್ಪು, ಹುಳಿ ಬಂದ ಕಿಮ್ಚಿ ಕಲಸಿ, ಅಗಲವಾದ ಕಾವಲಿಯ ಮೇಲೆ ದಪ್ಪಗೆ ಹರಡಿ, ಎಣ್ಣೆಯಲ್ಲಿ ಈಜಾಡುವ ಹಾಗೆ ಬೇಯಿಸುತ್ತಾರೆ. ನಮ್ಮ ಹೆಸರುಬೇಳೆ ದೋಸೆ ಮೈ ತುಂಬಿಕೊಂಡ ಹಾಗೆ ಕಾಣುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಕಚ್ಚಿದಾಗ ಅಲ್ಲಲ್ಲಿ ಕಿಮ್ಚಿಯ ಹುಳಿ. ಕೆಲವರು ಹಂದಿಮಾಂಸ ಸೇರಿಸುತ್ತಾರೆ, ಕೇಳಿಕೊಳ್ಳಿ. ಬೆಂಚಿನ ಮೇಲೆ ಕೂರುವ ಮುಂಚೆ ಬೆಲೆಯ ಬೋರ್ಡನ್ನೂ ಒಮ್ಮೆ ನೋಡಿಕೊಳ್ಳಿ. ಅಡುಗೆ ಮಾಡುವ ಹೆಂಗಸನ್ನು ಅಲ್ಲಿನವರು 'ಇಮೊ' ಅಂತ ಕರೆಯುತ್ತಾರೆ, ಅದು ಅಮ್ಮನ ಅಕ್ಕತಂಗಿಯರನ್ನು ಕರೆಯುವ ಮಾತು. ನೀವೂ ಹಾಗೇ ಕರೆದು ಇನ್ನಷ್ಟು ಕಿಮ್ಚಿ ಕೇಳಿದರೆ ಇಲ್ಲ ಅನ್ನುವವರನ್ನು ನಾನು ನೋಡಿಲ್ಲ.

ಈ ಮಾರ್ಕೆಟ್ಟಿನ ಹಿಂದಿನ ಚಂಗ್ಯೆಚೊನ್ ಹೊಳೆ ದಾಟಿದರೆ ಬಾಂಗ್ಸಾನ್ ಮಾರ್ಕೆಟ್. ಅಲ್ಲಿ ಊನ್‌ಜುಜೊಂಗ್ ಅಂತ ಒಂದು ಅಂಗಡಿಯಿದೆ, ಕಿಮ್ಚಿ ಜಿಗೆಗೆ ಹೆಸರಾದದ್ದು. ಜಿಗೆ ಅಂದರೆ ಕುದಿಯುತ್ತಲೇ ಮೇಜಿಗೆ ಬರುವ ಗಟ್ಟಿ ಸಾರು. ಇದಕ್ಕೆ ಹೊಸ ಕಿಮ್ಚಿ ಆಗುವುದೇ ಇಲ್ಲ. ತಿಂಗಳುಗಟ್ಟಲೆ ಇಟ್ಟು ಕಡು ಹುಳಿಯಾದದ್ದೇ ಬೇಕು. ಹಸಿಯಾಗಿ ತಿನ್ನಲು ಹುಳಿ ಜಾಸ್ತಿಯಾಯಿತು ಅನ್ನುವ ಹಂತದಲ್ಲಿ ಕಿಮ್ಚಿ ಒಲೆಗೆ ಬರುತ್ತದೆ. ಕುದಿದ ಮೇಲೆ ಆ ಹುಳಿ ಸಿಹಿಗೆ ತಿರುಗುತ್ತದೆ. ಇದರಲ್ಲಿ ಹಂದಿಮಾಂಸ ಇರುತ್ತದೆ ಅನ್ನುವುದು ನೆನಪಿರಲಿ.

ಜೊಂಗ್ನೊ ಬಿಟ್ಟು ಮ್ಯೊಂಗ್‌ದೊಂಗ್ ಕಡೆ ಹೋಗುವವರಿಗೆ ಮ್ಯೊಂಗ್‌ದೊಂಗ್ ಗ್ಯೋಜಾ ಇದೆ, 1966ರ ಅಂಗಡಿ. ಚಾಕುವಿನಿಂದ ಕತ್ತರಿಸಿದ ಗೋಧಿ ಎಳೆಗಳ ಸಾರು ಅಲ್ಲಿನ ಮುಖ್ಯ ಅಡುಗೆ. ಕಿಮ್ಚಿ ಒಂದೇ ಬಗೆ, ಅದರಲ್ಲಿ ಬೆಳ್ಳುಳ್ಳಿ ಎಷ್ಟು ಅಂದರೆ ಸಂಜೆವರೆಗೂ ಬಾಯಲ್ಲಿ ನಿಲ್ಲುತ್ತದೆ. ಬಟ್ಟಲು ಖಾಲಿಯಾಗುತ್ತಿದ್ದ ಹಾಗೆ ಯಾರೋ ಬಂದು ತುಂಬಿ ಹೋಗುತ್ತಾರೆ. ಬೆಳ್ಳುಳ್ಳಿ ಇಷ್ಟಪಡುವವರು ಇದನ್ನು ತಪ್ಪಿಸಬಾರದು.

ಇನ್ನು ಒಳ್ಳೆಯದು, ಕೆಟ್ಟದ್ದು ಗುರುತಿಸುವುದು ಹೇಗೆ? ಕೋಸಿನ ಬಿಳಿ ದಂಟನ್ನು ಮೊದಲು ಕಚ್ಚಿ. ಕರುಂ ಅನ್ನಬೇಕು. ಹದವಾಗಿ ಹುಳಿ ಬಂದ ಕಿಮ್ಚಿ ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುತ್ತದೆ. ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹುಳಿಯ ಜೊತೆ ಗಾಳಿಯನ್ನೂ ಹುಟ್ಟಿಸುತ್ತವೆ, ಆ ಚುರುಕು ಅದರದ್ದು. ಬರೀ ಸಿಹಿ, ಬರೀ ಖಾರ ಇದ್ದು ಹುಳಿಯ ಸುಳಿವೇ ಇಲ್ಲದಿದ್ದರೆ ಅವಸರದಲ್ಲಿ ಆದದ್ದು. ಈ ಹದವನ್ನು ಹಿಡಿದು ನಿಲ್ಲಿಸಲು ಹಿಂದೆ ಮಣ್ಣಿನ ಜಾಡಿಯನ್ನು ನೆಲದಲ್ಲಿ ಹೂಳುತ್ತಿದ್ದರು. 1995ರಲ್ಲಿ ದಿಮ್ಚೆ ಅನ್ನುವ ಕಿಮ್ಚಿ ಫ್ರಿಜ್ ಬಂದ ಮೇಲೆ ಅಪಾರ್ಟ್‌ಮೆಂಟುಗಳಲ್ಲೂ ಆ ಚಳಿ ಸಿಕ್ಕಿತು. ಈಗ ಎಷ್ಟೋ ಮನೆಗಳಲ್ಲಿ ಎರಡು ಫ್ರಿಜ್, ಒಂದು ಕಿಮ್ಚಿಗೇ ಮೀಸಲು.

ಹೋಗುವ ಕಾಲವೂ ಮುಖ್ಯ. ನವೆಂಬರ್ ಕೊನೆಯ ಹೊತ್ತಿಗೆ ಸೋಲ್‌ನಲ್ಲಿ ಕಿಮ್‌ಜಾಂಗ್ ಶುರುವಾಗುತ್ತದೆ. ಚಳಿಗಾಲ ಪೂರ್ತಿಗೆ ಬೇಕಾದ ಕಿಮ್ಚಿಯನ್ನು ಮನೆಯವರು, ನೆಂಟರು, ಅಕ್ಕಪಕ್ಕದವರು ಸೇರಿ ಹಾಕಿ ಹಂಚಿಕೊಳ್ಳುವ ಕೆಲಸ ಅದು. 2013ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಿನಗಳಲ್ಲಿ ಜೆಗಿದೊಂಗ್ ನಿಲ್ದಾಣದಲ್ಲಿ ಇಳಿದು ಗ್ಯೊಂಗ್‌ದೊಂಗ್ ಮಾರ್ಕೆಟ್ಟಿಗೆ ಹೋಗಿ. ಇದೂ ಒಂದನೇ ನಂಬರಿನ ಮೆಟ್ರೊ ದಾರಿಯಲ್ಲೇ ಇದೆ. ಕೋಸು, ಮೂಲಂಗಿ, ಸಾಸಿವೆ ಸೊಪ್ಪಿನ ರಾಶಿ, ಸಿಗಡಿಯ ಡ್ರಮ್ಮುಗಳು, ಮೆಣಸಿನಕಾಯಿ ಬೀಸುವ ಗಿರಣಿಯ ಘಾಟು. ವಯಸ್ಸಾದ ಹೆಂಗಸರು ಕೋಸನ್ನು ಎತ್ತಿ ತೂಕ ನೋಡಿ, ಒತ್ತಿ ನೋಡಿ, ಬೇಡ ಅಂತ ಇಟ್ಟು ಮುಂದೆ ಹೋಗುತ್ತಾರೆ. ಊಟಕ್ಕೆ ನೆಂಚಿಕೊಳ್ಳುವ ಪದಾರ್ಥ ಮಾರುವ ಅಂಗಡಿಗಳಲ್ಲಿ ಆ ದಿನ ಕಲಸಿದ ಕಿಮ್ಚಿ ತೂಕಕ್ಕೆ ಸಿಗುತ್ತದೆ.

ಆಗಸ್ಟ್‌ನಲ್ಲಿ ಹೋದರೆ ಕೋಸಿನ ಕಿಮ್ಚಿಯ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಮಳೆ, ಸೆಕೆಯಲ್ಲಿ ಕೋಸು ಚೆನ್ನಾಗಿ ಬರುವುದಿಲ್ಲ, ಬೆಲೆಯೂ ಏರಿರುತ್ತದೆ. ಎಳೆ ಮೂಲಂಗಿ ಸೊಪ್ಪಿನ ಯೊಲ್‌ಮು ಕಿಮ್ಚಿ ಕೇಳಿ, ಸೌತೆಕಾಯಿ ಸೀಳಿ ಮಸಾಲೆ ತುಂಬಿದ ಕಿಮ್ಚಿ ಕೇಳಿ. ಆ ಕಾಲಕ್ಕೆ ಅವೇ ಒಳ್ಳೆಯವು.

ಮನೆಗೆ ತರಬೇಕು ಅನ್ನುವವರಿಗೆ ಮ್ಯೊಂಗ್‌ದೊಂಗ್‌ನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆ ಅನುಕೂಲ. ಹಲವು ಬಗೆ ಇಟ್ಟಿರುತ್ತಾರೆ, ಪ್ಯಾಕ್ ಮಾಡಿ ಕೊಡುತ್ತಾರೆ. ಹೆಚ್ಚು ಹುಳಿ ಬರದ ಹೊಸದನ್ನೇ ಆರಿಸಿ, ದಾರಿಯಲ್ಲಿ ಅದು ಹೇಗೂ ಹುಳಿಯಾಗುತ್ತದೆ. ಗಾಳಿ ಹುಟ್ಟಿ ಪೊಟ್ಟಣ ಉಬ್ಬುತ್ತದೆ, ಹಾಗಾಗಿ ಎರಡು ಮೂರು ಕವರು ಹಾಕಿ ಒಳಗೆ ಸ್ವಲ್ಪ ಜಾಗ ಬಿಡಿಸಿ. ಕೈಚೀಲದಲ್ಲಿ ಮಾತ್ರ ಇಡಬೇಡಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಿಮ್ಚಿಯನ್ನು ದ್ರವ ಪದಾರ್ಥದ ಲೆಕ್ಕಕ್ಕೆ ಹಿಡಿದು ತೆಗೆದಿಡುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಗಳಿಂದ ದೂರ ಇಟ್ಟು ಕಳಿಸಿ. ಮನೆ ತಲುಪಿದ ಕೂಡಲೇ ಸಿಂಕಿನ ಮೇಲೆ ಹಿಡಿದು ಮೆಲ್ಲಗೆ ಬಿಚ್ಚಿ, ಗಾಜಿನ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ನಮಸ್ಕಾರ.