ಚೆಂಡೇನು ಹಾಲಾ, ಕೆಡೋಕೆ? | ಕಲಬುರಗಿಯ ನಮ್ಮ ಭಾನುವಾರದ ಟೆನಿಸ್

ಕ್ಯಾಮೆರಾ ತುಂಬಾ ಕೆಳಗಿದೆ, ಗೊತ್ತು. ನೀರಿನ ಬಾಟಲಿಗೆ ಒರಗಿಸಿ ಇಟ್ಟಿದ್ದೇನೆ. ಇವತ್ತು ಪೂರ್ತಿ ವಿಡಿಯೋದಲ್ಲಿ ನಿಮಗೆ ಕಾಣೋದು ಶೂ ಮತ್ತು ನೆರಳು, ಅಷ್ಟೇ. ಮುಖ ಬರಬಾರದು ಅಂತ ನಾವು ಐದೂ ಜನ ಮಾತಾಡಿಕೊಂಡಿದ್ದೇವೆ. ಎಡಕ್ಕೆ ಕೆಂಪು ಲೇಸ್ ಇದೆಯಲ್ಲ, ಅವನ ಸರ್ವ್ ಚೆನ್ನಾಗಿದೆ. ನೀಲಿ ಶೂ ಅವನ ಜೊತೆಗಾರ. ಜೊತೆಗಾರ ಅಂದರೆ ಡಬಲ್ಸ್‌ಗೂ, ಮನೆಗೂ. ತೊಳೆದು ತೊಳೆದು ಬೂದಿ ಬಣ್ಣಕ್ಕೆ ತಿರುಗಿರೋ ಬಿಳಿ ಶೂ ನಮ್ಮ ಅಕ್ಕನದು. ಕ್ರಿಕೆಟ್ ಶೂ ಹಾಕಿಕೊಂಡು ಟೆನಿಸ್‌ಗೆ ಬಂದವನ ಬಗ್ಗೆ ನಾನೇನೂ ಹೇಳಲ್ಲ. ಐದನೆಯವಳು ನಾನು.

ಹೊಸಬರಿಗೆ ಒಂದು ಮಾತು. ಇದು ಗೇ ಮತ್ತು ಲೆಸ್ಬಿಯನ್‌ಗಳ ಟೆನಿಸ್ ಗುಂಪು. ಹೌದು, ಕಲಬುರಗಿಯಲ್ಲೇ. ಕ್ಲಬ್ ಅನ್ನೋಕೆ ನಮಗೆ ಬೋರ್ಡೂ ಇಲ್ಲ, ರಸೀದಿ ಪುಸ್ತಕವೂ ಇಲ್ಲ. ಭಾನುವಾರ ಬೆಳಗ್ಗೆ ಆರರಿಂದ ಏಳೂವರೆ ಒಂದು ಬಾಡಿಗೆ ಕೋರ್ಟ್ ಇದೆ. ಮೇ ತಿಂಗಳು ನೋಡಿ, ಎಂಟು ಗಂಟೆಗೆ ಈ ನೆಲ ರೊಟ್ಟಿ ಹಂಚಾಗುತ್ತದೆ.

ಸರಿ, ಇದು ಮೊನ್ನೆಯ ಶಾಟ್, ಚೆಂಡಿನ ಡಬ್ಬಿ ತೆಗೆಯುತ್ತಿದ್ದೇನೆ. ಕೇಳಿಸ್ತಾ? ಇಲ್ಲ ಅಲ್ವಾ? ಆಡಿಯೋ ತೊಂದರೆ ಅಲ್ಲ ಅದು. ಸದ್ದೇ ಬರಲಿಲ್ಲ.

ಟೆನಿಸ್ ಚೆಂಡಿನ ಹೊಸ ಡಬ್ಬಿ ತೆಗೆದರೆ "ಚುಸ್" ಅನ್ನಬೇಕು. ಚೆಂಡಿನ ಒಳಗೆ ಹೊರಗಿನದಕ್ಕಿಂತ ಜಾಸ್ತಿ ಒತ್ತಡದ ಗಾಳಿ ಇರುತ್ತದೆ. ರಬ್ಬರ್ ಎಷ್ಟೇ ಗಟ್ಟಿ ಇರಲಿ, ಆ ಗಾಳಿ ನಿಧಾನಕ್ಕೆ ಸೋರುತ್ತದೆ. ಸೋರದಿರಲಿ ಅಂತಲೇ ಡಬ್ಬಿಯಲ್ಲೂ ಒತ್ತಡ ತುಂಬಿ ಸೀಲ್ ಮಾಡೋದು. ಪ್ಲಾಸ್ಟಿಕ್ ಡಬ್ಬಿ ವರ್ಷಗಟ್ಟಲೆ ಅಂಗಡಿಯಲ್ಲಿ ಕೂತರೆ ಅದರ ಒತ್ತಡವೂ ಇಳಿದುಹೋಗುತ್ತದೆ. ನನ್ನ ಡಬ್ಬಿಯ ಕಥೆ ಅದೇ. ಮೂರು ಚೆಂಡಿಗೆ 450 ರೂಪಾಯಿ ಕೊಟ್ಟಿದ್ದೇನೆ. ಚೆಂಡಿಗೆ 150! ಅಷ್ಟು ದುಡ್ಡಿಗೆ ಐದೂ ಜನಕ್ಕೆ ತಹರಿ ಬರುತ್ತಿತ್ತು, ಮೇಲೆ ಮಿರ್ಚಿ ಭಜಿ ಬೇರೆ.

ಅವತ್ತೇ ವಾಪಸ್ ಹೋದೆ. ಅಂಗಡಿ ಹೆಸರು ಹೇಳಲ್ಲ, ಕಾಮೆಂಟಲ್ಲೂ ಕೇಳಬೇಡಿ. ಅಲ್ಲೇ ನಿಂತು ಡಬ್ಬಿ ತಿರುಗಿಸಿದರೆ, ಪ್ಯಾಕ್ ಮಾಡಿದ ತಿಂಗಳು ಇರೋ ಜಾಗದ ಮೇಲೇ ಅವರ ರೇಟಿನ ಚೀಟಿ ಅಂಟಿಸಿದ್ದಾರೆ. ಉಗುರಲ್ಲಿ ಕೆರೆದೆ. ಮೂರು ವರ್ಷ ಹಳೆಯದು. ತೋರಿಸಿದರೆ ಆ ಅಣ್ಣ ತಲೆಯೂ ಎತ್ತದೆ, "ಸೀಲ್ ಪ್ಯಾಕ್ ಅದರಿ ಅಕ್ಕಾ. ಚೆಂಡೇನ್ ಹಾಲದಾ, ಕೆಡ್ಲಕ್ಕ?" ಅಂದ.

ಸಿಟ್ಟು ಬಂತು. ನಗುವೂ ಬಂತು, ಅದು ಬೇರೆ ವಿಷಯ. ಮನೆಗೆ ಬಂದು ಅಳತೆ ಮಾಡಿಯೇ ಬಿಟ್ಟೆ. ಈ ಶಾಟ್ ನೋಡಿ, ಮನೆ ಮೆಟ್ಟಿಲ ಹತ್ತಿರ. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ನಂದು 110 ದಾಟಲಿಲ್ಲ. ಹಿಂದೆ ಕೇಳಿಸ್ತಿರೋದು ಅಮ್ಮನ ದನಿ. "ಮದಿವಿ ಮಾಡ್ಕೊ ಅಂದ್ರ ಚೆಂಡ್ ಅಳೀಲಕತ್ತಾಳ." ಕಟ್ ಮಾಡಬೇಕು ಅಂತಿದ್ದೆ. ಇರಲಿ ಬಿಡಿ.

ಮದುವೆ ಅಂದಾಗ ನೆನಪಾಯ್ತು. ಟೆನಿಸ್ ಕೋರ್ಟಿಗೆ ಹೋಗೋಕೆ ನನಗೆ ಆಟಕ್ಕಿಂತ ದೊಡ್ಡ ಕಾರಣ ಅದೇ. ಆಫೀಸಲ್ಲಿ ಸೋಮವಾರ "ವೀಕೆಂಡ್ ಏನ್ ಮಾಡಿದ್ರಿ" ಅಂದರೆ ನಾನು ಮೊದಲು ತಲೆಯಲ್ಲಿ ವಾಕ್ಯ ತಿದ್ದಬೇಕು. "ಅವಳು" ಅನ್ನೋದನ್ನ "ಫ್ರೆಂಡು" ಮಾಡಬೇಕು. ಇಲ್ಲಿ ತಿದ್ದೋದು ಏನಿದ್ದರೂ ಬ್ಯಾಕ್‌ಹ್ಯಾಂಡು. ಕಾನೂನಿನ ಭಯ ಈಗಿಲ್ಲ, ಸಲಿಂಗ ಸಂಬಂಧವನ್ನ ಅಪರಾಧ ಅನ್ನುತ್ತಿದ್ದ 377ನೇ ಕಲಂನ ಆ ಕಥೆ 2018ರ ಸೆಪ್ಟೆಂಬರ್ 6ಕ್ಕೇ ಮುಗಿದಿದೆ. ಆದರೆ ನಮ್ಮ ಚಿಕ್ಕಮ್ಮ ಸುಪ್ರೀಂ ಕೋರ್ಟ್ ತೀರ್ಪು ಓದುವವರಲ್ಲ.

ಅಯ್ಯೋ, ಇಲ್ಲಿ ನೀಲಿ ಶೂ ಬಿದ್ದ. ಏನೂ ಆಗಿಲ್ಲ. ಎದ್ದ.

ನಾವು ಸಿಕ್ಕಿದ್ದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. 2023ರಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿ ನಡೆಯಿತಲ್ಲ, ರಾಮ್‌ಕುಮಾರ್ ರಾಮನಾಥನ್ ಗೆದ್ದದ್ದು. ಆಗ ನನ್ನ ಪಕ್ಕ ಒಬ್ಬರು ಕೂತು ಶೇಂಗಾ ಸುಲಿಯುತ್ತಿದ್ದರು. ಮಾತಿಗೆ ಮಾತು ಬಂದು ಮಾರ್ಟಿನಾ ನವ್ರಾಟಿಲೋವಾ ತನಕ ಹೋಯಿತು. "ವಿಂಬಲ್ಡನ್ ಸಿಂಗಲ್ಸ್ ಒಂಬತ್ತು ಸಲ ಗೆದ್ದಾಳ್ರಿ. ಅದರಾಗ ಏಳು, 1981ರಾಗ ತನ್ನ ವಿಷಯ ಹೇಳ್ಕೊಂಡ ಮ್ಯಾಲ" ಅಂದರು. ಏನು ಹೇಳಿಕೊಂಡಳು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಶೇಂಗಾ ನನ್ನ ಕಡೆ ಚಾಚಿದರು. ಅವರೇ ಈ ಅಕ್ಕ. ಅದೇ 1981ರಲ್ಲಿ ಬಿಲ್ಲಿ ಜೀನ್ ಕಿಂಗ್ ಅನ್ನೋ ಇನ್ನೊಬ್ಬ ಟೆನಿಸ್ ಆಟಗಾರ್ತಿಗೆ ಹೆಣ್ಣಿನ ಜೊತೆ ಸಂಬಂಧ ಇದ್ದ ವಿಷಯ ಕೋರ್ಟ್ ಕೇಸಿನಿಂದ ಹೊರಬಿದ್ದು, ಜಾಹೀರಾತು ಒಪ್ಪಂದಗಳೆಲ್ಲ ಒಂದೇ ದಿನದಲ್ಲಿ ಕೈತಪ್ಪಿದವು ಅಂತ ಆಮೇಲೆ ಅಕ್ಕನೇ ಹೇಳಿದ್ದು. ಗಂಡಸರ ಕಡೆ ನೋಡಿದರೆ, 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಟೆನಿಸ್ ಆಟಗಾರ ಜೋವಾವ್ ಲೂಕಾಸ್ ರೇಯಿಸ್ ಡ ಸಿಲ್ವಾ ತನ್ನ ಗೆಳೆಯನ ಜೊತೆ ಫೋಟೋ ಹಾಕಿದ್ದೇ ದೊಡ್ಡ ಸುದ್ದಿ. ನಲವತ್ತು ವರ್ಷ ಲೇಟು! ಗಂಡಸರಿಗೆ ಧೈರ್ಯ ಕಮ್ಮಿ ಅಂದೆ ನಾನು. ಕೆಂಪು ಲೇಸ್ ಸುಮ್ಮನೆ ನೋಡಿದ. ಅವನು ಅವರಪ್ಪನಿಗೆ ಹೇಳಿಯಾಗಿದೆ, ನಾನಿನ್ನೂ ಅಮ್ಮನಿಗೆ ಹೇಳಿಲ್ಲ. ಸರಿ, ಮಾತು ವಾಪಸ್.

ಹೊರದೇಶದಲ್ಲಿ ಇದಕ್ಕೆ ಜಿಎಲ್‌ಟಿಎ (ಗೇ ಅಂಡ್ ಲೆಸ್ಬಿಯನ್ ಟೆನಿಸ್ ಅಲಯನ್ಸ್) ಅಂತ ಸಂಘವೇ ಇದೆ. ಬೇರೆ ಬೇರೆ ಊರಲ್ಲಿ ಟೂರ್ನಿ ಆಗುತ್ತವೆ. ಆಟದ ಮಟ್ಟ ನೋಡಿ ಓಪನ್, ಎ, ಬಿ, ಸಿ, ಡಿ ಅಂತ ವಿಂಗಡಿಸುತ್ತಾರೆ. ನಾವೂ ಹಾಗೆ ಮಾಡೋಣ ಅಂತ ಕ್ರಿಕೆಟ್ ಶೂ ಹೇಳಿದ. ಐದು ಜನಕ್ಕೆ ಐದು ದರ್ಜೆ. ಎಲ್ಲರೂ ಆಡದೆಯೇ ಚಾಂಪಿಯನ್.

ಈಗ ಒಂದು ತಮಾಷೆ. ಈ ರ‍್ಯಾಲಿ ಎಣಿಸಿ, ಚೆಂಡು ನಿಲ್ಲದೆ ಎಷ್ಟು ಸಲ ಆಚೆ ಈಚೆ ಹೋಗುತ್ತದೆ ಅಂತ. ಹದಿನೆಂಟು, ಹತ್ತೊಂಬತ್ತು... ಇಪ್ಪತ್ತಮೂರು! ನಮ್ಮ ಗುಂಪಿನಲ್ಲಿ ಇಷ್ಟು ಉದ್ದ ಯಾವತ್ತೂ ಆಗಿಲ್ಲ. ಚೆಂಡು ಸತ್ತಿರೋದರಿಂದ ನಿಧಾನ ಬರುತ್ತದೆ, ಅಕ್ಕನ ಮೊಣಕಾಲಿಗೂ ಸಿಗುತ್ತದೆ. ಹಾಗಾದರೆ ಅಂಗಡಿ ಅಣ್ಣ ಒಳ್ಳೆಯದೇ ಮಾಡಿದನಾ? ಇಲ್ಲ ಇಲ್ಲ. 450 ಅಂದರೆ 450.

ಮುಗೀತು, ಏಳೂ ಇಪ್ಪತ್ತೈದು. ಗೇಟಿನ ಕಾಕಾ ರಿಜಿಸ್ಟರ್ ತಂದರು. ಹೆಸರು, ಟೈಮು, ಕೊನೆಗೆ "ಕ್ಲಬ್" ಅಂತ ಒಂದು ಕಾಲಂ. ಮೇಲಿನ ಸಾಲಲ್ಲಿ "ಡಾಕ್ಟರ್ಸ್" ಅಂತಿದೆ. ನಾವು ಪ್ರತಿ ವಾರ ಅಲ್ಲೊಂದು ಗೆರೆ ಎಳೆದು ಬಿಡುತ್ತೇವೆ. ಕಾಕಾ ಇವತ್ತು ಕೇಳಿಯೇ ಬಿಟ್ಟರು. "ನೀವೆಲ್ಲಾ ಯಾವ ಆಫೀಸಿನವ್ರ್ರೀ?" ಯಾರೂ ಮಾತಾಡಲಿಲ್ಲ. ಅಕ್ಕ ಪೆನ್ನು ಇಸಿದುಕೊಂಡು "ಭಾನುವಾರದವ್ರು" ಅಂತ ಬರೆದರು. ಕಾಕಾ ಓದಿ, "ಇದನ್ನ ಮೊದಲೇ ಬರೀಬೇಕಿಲ್ಲೇನ್ರಿ" ಅಂದರು.

ಮೂರು ಚೆಂಡೂ ಕಾಕಾನ ಮೊಮ್ಮಗನಿಗೆ ಕೊಟ್ಟೆ, ಗಲ್ಲಿ ಕ್ರಿಕೆಟ್‌ಗೆ. ಅವನೊಂದು ಸಲ ನೆಲಕ್ಕೆ ಬಡಿದು, ನನ್ನ ಮುಖ ನೋಡಿ, "ಅಕ್ಕಾ, ಇದು ಕೆಟ್ಟದ" ಅಂದ.

ಡಾಕ್ಟರ್‌ಗಳು ಒಳಗೆ ಬಂದರು. ಕ್ಯಾಮೆರಾ ಎತ್ತುತ್ತೇನೆ, ಇಲ್ಲಾಂದ್ರೆ ಅವರ ಶೂಗಳನ್ನೂ ಬ್ಲರ್ ಮಾಡ್ತಾ ಕೂರಬೇಕಾಗುತ್ತದೆ.