ಸಂತೆಯ ತಿನಿಸು, ಶಿಲ್ಪಿಯ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಗೋಕಾಕ ಅಂದ ಕೂಡಲೇ ನೆನಪಾಗುವುದು ಕರದಂಟು, ಆಮೇಲೆ ಜಲಪಾತ. ಮೂರನೆಯದು ಒಂದಿದೆ. ಕಟ್ಟಿಗೆಯ ಹಣ್ಣು, ಕಟ್ಟಿಗೆಯ ಕಾಯಿಪಲ್ಯ. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಮೇಲೆ ಲೇಪ ಕೊಟ್ಟು, ನಯ ಮಾಡಿ, ಬಣ್ಣ ಹಚ್ಚುತ್ತಾರೆ. ಬುಟ್ಟಿಯಲ್ಲಿ ಜೋಡಿಸಿಟ್ಟರೆ ಮನೆಗೆ ಬಂದವರು ಒಂದನ್ನು ಎತ್ತಿಕೊಂಡು ಬಾಯಿಗೆ ಇಡಬೇಕು, ಅಷ್ಟು ನಿಜ ಅನ್ನಿಸುತ್ತವೆ. ಗೋಕಾಕದ ಕೆಲವು ಮನೆತನಗಳು ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದಿವೆ. ನಾವು ಕೊಂಡು ತಂದು ಶೋಕೇಸಿನಲ್ಲಿ ಇಟ್ಟು ಸುಮ್ನೆ ಆಗುತ್ತೇವೆ.

ಸಂತೆಯನ್ನು, ಸಂತೆಯ ತಿನಿಸನ್ನು ನೋಡಿ ಮಾಡಿದ ಶಿಲ್ಪಗಳದೇ ಒಂದು ಪ್ರದರ್ಶನ ಬೆಳಗಾವಿಯಲ್ಲಿ ಆಗಬೇಕು. ಅದರಲ್ಲಿ ಮೊದಲ ಜಾಗ ಗೋಕಾಕದ ಈ ಹಣ್ಣುಗಳಿಗೆ ಸಿಗಬೇಕು. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದದ್ದು ಇದನ್ನೇ.

ತಿನಿಸು ಶಿಲ್ಪಕ್ಕೆ ತಕ್ಕ ವಸ್ತುವೇ ಅಂತ ಕೆಲವರು ಕೇಳಬಹುದು. 1961ರಲ್ಲಿ ಕ್ಲೇಸ್ ಓಲ್ಡನ್‌ಬರ್ಗ್ ಎಂಬ ಶಿಲ್ಪಿ ನ್ಯೂಯಾರ್ಕಿನಲ್ಲಿ, ಸಣ್ಣಪುಟ್ಟ ಅಂಗಡಿಗಳಿದ್ದ ಬೀದಿಯಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದರು. ತಂತಿ ಬಲೆಯ ಮೇಲೆ ಗಿಲಾವಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಮೇಲೆ ಪೇಂಟು ಬಳಿದು, ಕೇಕು, ಮಾಂಸದ ತುಂಡು, ಅಂಗಿ, ಬೂಟು ಎಲ್ಲ ಮಾಡಿದರು. ಅಲ್ಲೇ ಇಟ್ಟು ಅಲ್ಲೇ ಮಾರಿದರು. ಮರುವರ್ಷ ನೆಲದ ಮೇಲೆ ಇಡುವ ದೊಡ್ಡ ಬರ್ಗರ್ ಒಂದನ್ನು ಕ್ಯಾನ್ವಾಸ್ ಬಟ್ಟೆಯಲ್ಲಿ ಹೊಲಿದರು. ಸುಮಾರು ಏಳು ಅಡಿ ಅಗಲ. 1967ರಲ್ಲಿ ಕೆನಡಾದ ಟೊರೊಂಟೊದ ಕಲಾ ಗ್ಯಾಲರಿ ಅದನ್ನು ಕೊಂಡಾಗ ಕಲಾ ವಿದ್ಯಾರ್ಥಿಗಳೇ ಸಿಟ್ಟಾದರು. ದೊಡ್ಡದೊಂದು ಕೆಚಪ್ ಬಾಟಲಿ ಮಾಡಿಕೊಂಡು ಹೋಗಿ ಪ್ರತಿಭಟಿಸಿದರು. ಬರ್ಗರ್ ಇವತ್ತಿಗೂ ಆ ಗ್ಯಾಲರಿಯ ಸಂಗ್ರಹದಲ್ಲಿದೆ.

ನಮ್ಮ ದೇಶದಲ್ಲಿ ಸುಬೋಧ್ ಗುಪ್ತಾ ಇದ್ದಾರೆ. 1964ರಲ್ಲಿ ಬಿಹಾರದ ಖಗೌಲ್‌ನಲ್ಲಿ ಹುಟ್ಟಿದವರು. ಸ್ಟೀಲಿನ ತಾಟು, ಡಬ್ಬಿ, ಚರಿಗೆ ಇವೇ ಅವರ ಸಾಮಗ್ರಿ. ನಮ್ಮ ಮದುವೆಗಳಲ್ಲಿ ಆಯೇರಿಗೆ ಕೊಡುತ್ತಾರಲ್ವಾ, ಅಂಥವೇ ಪಾತ್ರೆಗಳು. 2006ರಲ್ಲಿ ಅವನ್ನೇ ಜೋಡಿಸಿ ದೊಡ್ಡದೊಂದು ತಲೆಬುರುಡೆ ಕಟ್ಟಿದರು. ಅದರ ಹೆಸರು ‘ತುಂಬಾ ಹಸಿದ ದೇವರು’ ಎಂಬ ಅರ್ಥದ್ದು. ಪಾತ್ರೆ ಥಳಥಳ ಹೊಳೆಯುತ್ತದೆ, ಒಳಗೆ ಅನ್ನ ಇಲ್ಲ. ಹಸಿವನ್ನು ಇಷ್ಟು ನೇರವಾಗಿ ಹೇಳಿದ ಶಿಲ್ಪ ನನಗಂತೂ ಬೇರೆ ಗೊತ್ತಿಲ್ಲ.

ಇನ್ನು ನಮ್ಮ ಪೇಟೆಗೆ ಬರೋಣ. ಬೆಳಗಾವಿಯ ಮಂಡಿಗೆ ನಿಮಗೆ ಗೊತ್ತು. ಮನಸ್ಸಿನಲ್ಲಿ ಮಂಡಿಗೆ ತಿಂದವರು ಬೇಕಾದಷ್ಟು ಜನ. ಅದನ್ನು ಮಾಡುವವರ ಕೈ ನಿಂತು ನೋಡಿದವರು ಕಡಿಮೆ. ಸಕ್ಕರೆ ಹೂರಣ ತುಂಬಿದ ಕಣಕವನ್ನು ಲಟ್ಟಿಸಿ ಎರಡೂ ಕೈ ಮೇಲೆ ಹಾಕಿಕೊಳ್ಳುತ್ತಾರೆ. ತಿರುಗಿಸುತ್ತ, ಬೀಸುತ್ತ ಅಗಲ ಮಾಡುತ್ತಾರೆ. ಅದು ಮೊಣಕೈವರೆಗೂ ಇಳಿಯುತ್ತದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗುತ್ತದೆ. ಆಗ ಕವುಚಿ ಹಾಕಿದ ದೊಡ್ಡ ಬಾಣಲೆಯ ಬೆನ್ನ ಮೇಲೆ ಹರಡುತ್ತಾರೆ. ಕೈ ಮೇಲೆ ಇದ್ದಾಗ ಅದಕ್ಕೆ ತೋಳಿನ ಆಕಾರ. ಬಾಣಲೆಗೆ ಬಿದ್ದ ಮೇಲೆ ಬಾಣಲೆಯ ಆಕಾರ. ಆಮೇಲೆ ಮಡಚಿದರೆ ಚೌಕ. ಶಿಲ್ಪಿ ಹಿಡಿಯಬೇಕಾದದ್ದು ಮೊದಲನೆಯದನ್ನು. ತಟ್ಟೆಗೆ ಬರುವ ಚೌಕ ಎಲ್ಲರಿಗೂ ಗೊತ್ತಿದೆ. ತೋಳಿನ ಮೇಲೆ ಜೋತುಬಿದ್ದ ಕಣಕ ಎರಡು ಗಳಿಗೆ ಇದ್ದು ಹೋಗುತ್ತದೆ. ಅದು ಕಂಚಿನಲ್ಲಿ ನಿಲ್ಲಬೇಕು.

ಜೋಳದ ರೊಟ್ಟಿಯೂ ಹಾಗೆಯೇ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದುತ್ತಾರೆ. ಬಡಿಯುವಾಗ ರೊಟ್ಟಿ ಅಂಗೈ ಕೆಳಗೆ ತಾನಾಗಿ ತಿರುಗುತ್ತ ಹೋಗುತ್ತದೆ, ಕುಂಬಾರನ ತಿಗರಿಯ ಮೇಲಿನ ಮಣ್ಣಿನ ಹಾಗೆ. ವಿಜಯಪುರದ ಯಾವುದಾದರೂ ಖಾನಾವಳಿಯಲ್ಲಿ ಖಡಕ್ ರೊಟ್ಟಿಯ ಥಪ್ಪಿ ನೋಡಿ. ಒಂದರ ಅಂಚು ಮೇಲೆದ್ದಿರುತ್ತದೆ, ಇನ್ನೊಂದರದು ಸೀಳಿರುತ್ತದೆ. ಒಂದರಂತೆ ಒಂದಿಲ್ಲ. ಆ ಥಪ್ಪಿಯನ್ನು ಖಾನಾಪುರದ ಕೆಂಪು ಮಣ್ಣಿನಲ್ಲಿ ಮಾಡಿ ಸುಟ್ಟರೆ ಹೇಗಿರುತ್ತದೆ ಅಂತ ನನಗೆ ತುಂಬಾ ಆಸೆ. ಹೆಂಚು, ಮಡಕೆಗೆ ಹೆಸರಾದ ಮಣ್ಣು ಅದು. ಮಹಾಲಿಂಗಪುರದ ಬೆಲ್ಲದ ಪೆಂಟೆ ಇದೆ, ಇಂಡಿಯ ಲಿಂಬೆಹಣ್ಣಿನ ರಾಶಿ ಇದೆ. ಹೇಳುತ್ತ ಹೋದರೆ ಹೊತ್ತು ಸಾಲದು.

ಆದರೆ ಬರೀ ತಿನಿಸು ಮಾಡಿಟ್ಟರೆ ಪ್ರದರ್ಶನ ಅರ್ಧವಾಗುತ್ತದೆ. ಮಾರುವವರು ಬೇಕು. ತಕ್ಕಡಿ ಎತ್ತಿ ಹಿಡಿದ ಭುಜ, ಮಡಿಲಲ್ಲಿ ಚಿಲ್ಲರೆ ಹುಡುಕುವ ಕೈ, ಬಿಸಿಲಿಗೆ ಸೆರಗು ಎಳೆದುಕೊಂಡು ಕೊತ್ತಂಬರಿಗೆ ನೀರು ಚಿಮುಕಿಸುವ ಅಜ್ಜಿ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು, ಚಾಲುಕ್ಯ ಮನೆತನದ ಮಂಗಳೇಶನ ಶಾಸನದಿಂದ ಗೊತ್ತಾಗುತ್ತದೆ. ಅಲ್ಲಿ ಮೇಲೆ ಆಳೆತ್ತರ ಮೀರಿದ ವಿಷ್ಣು. ಕೆಳಗೆ ಜಗಲಿಯ ಉದ್ದಕ್ಕೂ ಡೊಳ್ಳು ಹೊಟ್ಟೆಯ ಸಣ್ಣ ಗಣಗಳು. ಕುಣಿಯುತ್ತವೆ, ಕೀಟಲೆ ಮಾಡುತ್ತವೆ. ನನಗೆ ಅವುಗಳ ಮೇಲೆ ಜಾಸ್ತಿ ಪ್ರೀತಿ. ಸಂತೆಯ ದಿನ ಬಾದಾಮಿ ಪೇಟೆಯಲ್ಲಿ ಅದೇ ಮೈಕಟ್ಟು, ಅದೇ ನಗು ಈಗಲೂ ಸಿಗುತ್ತದೆ. ನಮ್ಮ ಕಾಲದಲ್ಲಿ ಟಿ.ಬಿ. ಸೊಲಬಕ್ಕನವರ ಅವರು ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿ, ಹಳ್ಳಿಯ ದುಡಿಮೆಯನ್ನು ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿ ಹೋದರು. ಅಲ್ಲಿಗೆ ಹೋದ ಹಳ್ಳಿಯವರು ತಮ್ಮ ಮನೆಯನ್ನೇ ನೋಡಿದಷ್ಟು ಸಲೀಸಾಗಿ ಓಡಾಡುತ್ತಾರೆ.

ಅದಕ್ಕೇ ಈ ಪ್ರದರ್ಶನ ಗಾಜಿನ ಬಾಗಿಲ ಹಿಂದೆ ಬೇಡ. ರವಿವಾರ ಪೇಟೆಯಲ್ಲೋ, ಗಣಪತ ಗಲ್ಲಿಯಲ್ಲೋ ಆಗಲಿ. ಮುಟ್ಟಬೇಡಿ ಅನ್ನುವ ಬೋರ್ಡು ಬೇಡ. ತಿನಿಸನ್ನು ನಾವು ಮೊದಲು ಅರಿಯುವುದೇ ಕೈಯಿಂದ. ಬದನೆಕಾಯಿಯ ತೊಟ್ಟು ಹೀಗಿರುವುದಿಲ್ಲ ಅಂತ ತರಕಾರಿ ಮಾರುವ ಅಕ್ಕ ಶಿಲ್ಪಿಗೆ ಹೇಳುವಂತಾಗಲಿ. ಅವರಷ್ಟು ಬದನೆಕಾಯಿ ಮುಟ್ಟಿ ನೋಡಿದವರು ಯಾರಿದ್ದಾರೆ?

ಗಣೇಶ ಹಬ್ಬದ ಹೊತ್ತು ಇದಕ್ಕೆ ಸರಿ. ಬೆಳಗಾವಿಯ ಗಲ್ಲಿಗಲ್ಲಿಗಳಲ್ಲಿ ಮಂಡಳಿಗಳು ಪೆಂಡಾಲು ಹಾಕಿರುತ್ತವೆ, ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಒಂದೊಂದು ಮಂಡಳಿ ಒಂದೊಂದು ಮೂಲೆ ಬಿಟ್ಟುಕೊಟ್ಟರೆ ಸಾಕು. ಗೋಕಾಕದ ಕುಶಲಕರ್ಮಿಗಳು ಅಲ್ಲೇ ಕೂತು ಕೆತ್ತಲಿ. ಮಾಡಿದವರ ಹೆಸರು, ಬೆಲೆ ಎರಡನ್ನೂ ಬರೆದು ಇಡಲಿ. ಮಂಡಳಿಯ ಹುಡುಗರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ಮುಂದಿನ ಸಭೆಯಲ್ಲಿ ದಯವಿಟ್ಟು ಎತ್ತಿ ನೋಡಿ.

ನಮಸ್ಕಾರ.